‘ಬೇಕು’ ಅಂದವರು 61 ಮಂದಿ, ತಗೊಂಡವರು 14

ಕಲಬುರಗಿಯ ಬ್ರಹ್ಮಪುರದಲ್ಲಿ ನಾವು ಐದು ಜನ ಹೆಣ್ಣುಮಕ್ಕಳು ಸೇರಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ಮಾಡಿ ಮಾರುತ್ತೇವೆ. ಗಿರಾಕಿಗಳೆಲ್ಲ ಒಂದು ವಾಟ್ಸಾಪ್ ಗ್ರೂಪಿನಲ್ಲಿದ್ದಾರೆ. ಅರ್ಧ ಊರಿನವರು, ಉಳಿದರ್ಧ ಬೆಂಗಳೂರು, ಪುಣೆ ಸೇರಿದ ನಮ್ಮ ಕಡೆಯವರು. 2022ರ ಕೊನೆಗೆ ವಾಟ್ಸಾಪಿನಲ್ಲಿ ಪ್ರಶ್ನೆ ಹಾಕಿ ಉತ್ತರ ಒತ್ತಿಸುವ ಪೋಲ್ ಬಂತಲ್ಲ, ಒಬ್ಬೊಬ್ಬರಿಗೂ ಫೋನ್ ಹಚ್ಚುವ ತಾಪತ್ರಯ ತಪ್ಪಿತು ಅಂದುಕೊಂಡೆ.

2024ರ ಜನವರಿ 11ಕ್ಕೆ ಎಳ್ಳ ಅಮಾಸಿ. ಹತ್ತು ದಿನ ಮೊದಲೇ ಪೋಲ್ ಹಾಕಿದೆ: ‘ಹಬ್ಬಕ್ಕೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬೇಕೇನು?’ ಬೇಕು ಅಂದವರು 61 ಮಂದಿ, ಬೇಡ ಅಂದವರು ಇಬ್ಬರೇ. ಖುಷಿಯಲ್ಲಿ ಸಜ್ಜಿ ತಂದು ಗಿರಣಿಗೆ ಹಾಕಿಸಿದೆವು. ಕೊನೆಗೆ ದುಡ್ಡು ಕೊಟ್ಟು ತಗೊಂಡವರು 14 ಜನ. ಜೋಳದ ಹಿಟ್ಟಾಗಿದ್ದರೆ ಹೇಗೋ ನಡೀತಿತ್ತು; ಸಜ್ಜಿ ಹಿಟ್ಟಿನಲ್ಲಿ ಎಣ್ಣೆ ಅಂಶ ಹೆಚ್ಚು, ಬಹಳ ದಿನ ಇಟ್ಟರೆ ಕಹಿ ಹಿಡೀತದೆ. ಮನೆ ಮನೆಗೆ ಹಂಚಿದೆವು.

ಬೇಕು ಅಂದಿದ್ದ ಒಬ್ಬರಿಗೆ ಫೋನ್ ಹಚ್ಚಿದೆ. ಅವರು ನಕ್ಕರು: “ಅಲ್ರೀ ಅಕ್ಕೋರ, ನೀವು ಬೇಕೇನಂತ ಕೇಳಿದ್ರಿ, ಬ್ಯಾಡ ಅನ್ಲಾಕ ಹ್ಯಾಂಗ ಬರ್ತದ? ಅಮಾಸಿಗಿ ನಾವು ಊರಿಗೇ ಹೋಗಿದ್ವಿ, ಹೊಲದಾಗ ಚರಗ ಚೆಲ್ಲಬೇಕಲ್ಲ. ಅವ್ವ ಭಜ್ಜಿ, ರೊಟ್ಟಿ ಎಲ್ಲಾ ಮಾಡಿದ್ಳು.”

ಅದು ಬೆಳೆಗೆ ಚರಗ, ಅಂದರೆ ನೈವೇದ್ಯ, ಚೆಲ್ಲುವ ಹೊಲದ ಹಬ್ಬ ಅಂತ ನನಗೇನು ಗೊತ್ತಿರಲಿಲ್ಲವೇ? ಕೇಳಬೇಕಾದದ್ದು ‘ಬೇಕೇನು’ ಅಂತ ಅಲ್ಲ, ‘ಅಮಾಸಿ ದಿನ ಎಲ್ಲಿರ್ತೀರಿ’ ಅಂತ.

ಆಮೇಲೆ ‘ಏನು ಇಷ್ಟ’ ಅನ್ನುವ ಪ್ರಶ್ನೆಗಳನ್ನು ಬಿಟ್ಟೆ. ನಡೆದದ್ದನ್ನೇ ಕೇಳತೊಡಗಿದೆ: ‘ಹೋದ ವಾರ ಮನೆಯಲ್ಲಿ ಎಷ್ಟು ದಿನ ರೊಟ್ಟಿ ಉಂಡ್ರಿ?’ ದಿನಾ, ಮೂರು–ನಾಲ್ಕು ದಿನ, ಒಂದೆರಡು ದಿನ, ಉಂಡಿಲ್ಲ. ಬೆಂಗಳೂರಿನವರು ಹೆಚ್ಚಾಗಿ ಒಂದೆರಡು ದಿನ ಅಂದರು. ನಾವೋ 25 ರೊಟ್ಟಿಯ ಕಟ್ಟು ಕಳಿಸುತ್ತಿದ್ದೆವು; ಅದು ಮುಗಿಯುವ ಹೊತ್ತಿಗೆ ಕೆಳಗಿನವು ಚೂರು. ಹತ್ತರ ಕಟ್ಟು ಮಾಡಿದ ಮೇಲೆ ದೂರು ನಿಂತಿತು, ಆರ್ಡರೂ ಬೇಗ ಬೇಗ ಬರಹತ್ತಿದವು.

ಇನ್ನೊಂದು ಫಜೀತಿ. ವಾಟ್ಸಾಪ್ ಪೋಲಿನಲ್ಲಿ ಯಾರು ಯಾವುದಕ್ಕೆ ಒತ್ತಿದರು ಅಂತ ಎಲ್ಲರಿಗೂ ಕಾಣುತ್ತದೆ. ಹಿಂಡಿಗೆ ಖಾರ ಎಷ್ಟಿರಬೇಕು ಅಂತ ಕೇಳಿದಾಗ ನಿವೃತ್ತ ಮಾಸ್ತರೊಬ್ಬರು ಮೊದಲೇ ‘ಜಾಸ್ತಿ’ಗೆ ಒತ್ತಿಬಿಟ್ಟರು. ಅವರ ಕೈಯಲ್ಲಿ ಕಲಿತವರು ಗ್ರೂಪಿನಲ್ಲಿ ಎಂಟ್ಹತ್ತು ಮಂದಿ! ಎಲ್ಲರಿಗೂ ಖಾರವೇ ಬೇಕಾಯಿತು. ಟೆಲಿಗ್ರಾಮಿನಲ್ಲಿ ಹೆಸರು ಕಾಣದಂತೆ ಕೇಳಬಹುದು, ಆದರೆ ನಮ್ಮ ಕಾಕಾ, ವೈನಿಗಳು ಅಲ್ಲಿಗೆ ಬರುವವರಲ್ಲ. ಹಾಗಾಗಿ ರುಚಿ, ರೇಟಿನ ಮಾತು ಪೋಲಿಗೆ ಹಾಕುವುದಿಲ್ಲ, ಒಬ್ಬೊಬ್ಬರನ್ನೇ ಕೇಳುತ್ತೇನೆ. ತಪ್ಪಿತು ಅಂದುಕೊಂಡ ಫೋನು ಮತ್ತೆ ಕೈಗೆ ಬಂತು.

ಒಂದು ಪೋಲಿಗೆ 12 ಆಯ್ಕೆ ಕೊಡಬಹುದು, ನಾನು ನಾಲ್ಕು ದಾಟುವುದಿಲ್ಲ. ಈಗೀಗ ಕೊನೆಯದು ಯಾವಾಗಲೂ ‘ನಮ್ಮದು ಬ್ಯಾರೆ ಅದ’. ಅದನ್ನು ಒತ್ತಿದವರು ಸುಮ್ಮನಿರುವುದಿಲ್ಲ, ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಕಟ್ಟಿನ ತಳದಲ್ಲಿ ರಟ್ಟು ಇಡಿ ಅಂದವರು ಅಂಥವರೇ.

2024ರ ಡಿಸೆಂಬರ್ 30ಕ್ಕೆ ಮತ್ತೆ ಎಳ್ಳ ಅಮಾಸಿ ಬಂತು. ‘ಎಲ್ಲಿರ್ತೀರಿ’ ಅಂತಷ್ಟೇ ಕೇಳಿದೆ. ಊರಿಗೆ ಹೋಗುವುದಿಲ್ಲ ಅಂದವರು 18 ಮಂದಿ. ಅವರಿಗೆ ಫೋನ್ ಮಾಡಿ, ಮುಂಗಡ ಕೊಟ್ಟವರ ಲೆಕ್ಕಕ್ಕಷ್ಟೇ ಸಜ್ಜಿ ಬೀಸಿಸಿದೆ. ಡಬ್ಬಿ ಖಾಲಿಯಾದ ದಿನ ಸಂಜೆ ಒಬ್ಬ ವೈನಿ ಫೋನ್ ಮಾಡಿದರು. ಯಾವ ಪೋಲಿಗೂ ಒಮ್ಮೆಯೂ ಒತ್ತಿದವರಲ್ಲ.

“ಏನವಾ, ಎಲ್ಲರಿಗೂ ಸಜ್ಜಿ ರೊಟ್ಟಿ ಕೊಟ್ಟೀಯಂತ, ನನಗ್ಯಾಕ ಕೇಳಲಿಲ್ಲ?”