ರಾತ್ರಿ ಉಳಿದ ಅನ್ನ, ಬೆಳಗಿನ ಚಿತ್ರಾನ್ನ: ಹೋಟೆಲ್‌ನಲ್ಲಿ ಅನ್ನ ಇಡುವುದು ಹೇಗೆ?

ಬಳ್ಳಾರಿಯ ಹೋಟೆಲ್ ಅಡುಗೆಮನೆಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ರಾತ್ರಿ ಅನ್ನ ಉಳಿಯುತ್ತದೆ. ಪಾತ್ರೆಗೆ ಮುಚ್ಚಳ ಹಾಕಿ ಒಲೆ ಪಕ್ಕದಲ್ಲೇ ಬಿಡುತ್ತಾರೆ. ಬೆಳಿಗ್ಗೆ ಅದೇ ಚಿತ್ರಾನ್ನ. ಕೇಳಿದರೆ, ‘ಬಿಸಿ ಮಾಡ್ತೀವಲ್ರೀ, ಏನೂ ಆಗಂಗಿಲ್ಲ’ ಎನ್ನುತ್ತಾರೆ.

ಆಗುತ್ತದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ ಬೆಚ್ಚಗಿದ್ದಷ್ಟು ಹೊತ್ತು ಬೆಳೆದು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಒಗ್ಗರಣೆಯ ಬಿಸಿಗೆ ಹೋಗುವುದಿಲ್ಲ. ನಿಂಬೆಹುಳಿ ಹಿಂಡಿದರೂ ಅಷ್ಟೇ. ಅನ್ನ ಹಳಸಿದ ವಾಸನೆಯೂ ಬರದೇ ಇರಬಹುದು.

ಮೊದಲು ಕೈ. ಸೋಪು ಹಚ್ಚಿ 20 ಸೆಕೆಂಡು ತಿಕ್ಕಿ, ಉಗುರಿನ ಸಂದಿ ಬಿಡಬೇಡಿ. ಹೆಗಲ ಮೇಲಿನ ಟವೆಲ್‌ಗೆ ಒರೆಸಬೇಡಿ.

ಆಮೇಲೆ ಅನ್ನ ಆರಿಸುವುದು. ಎಲ್ಲರೂ ಎಡವುವುದು ಇಲ್ಲೇ. ದೊಡ್ಡ ಪಾತ್ರೆಯಲ್ಲಿ ಮೇಲಿನ ಅನ್ನ ತಣ್ಣಗಾದರೂ ನಡುವಿನದು ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಅದರಲ್ಲೂ ಏಪ್ರಿಲ್, ಮೇನಲ್ಲಿ ನಮ್ಮೂರಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ರಾತ್ರಿಯೂ ಸೆಕೆ. ‘ತಾನಾಗೇ ಆರುತ್ತೆ’ ಅನ್ನೋದು ಬೇಡ. ಅನ್ನವನ್ನು ಅಗಲವಾದ ಸ್ಟೀಲ್ ಟ್ರೇಗಳಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿ. ಟ್ರೇ ಕೆಳಗೆ ಐಸ್ ನೀರಿನ ತಟ್ಟೆ ಇಡಿ. ಆಗಾಗ ಶುದ್ಧವಾದ ಸೌಟಿನಿಂದ ತಿರುವಿ, ಕೈಯಿಂದಲ್ಲ. ಫ್ಯಾನ್ ಹಾಕುವುದಾದರೆ ರೆಕ್ಕೆಯ ಧೂಳು ಮೊದಲೇ ಒರೆಸಿರಬೇಕು. ಅನ್ನದ ಮೇಲೆ ಡ್ರಮ್ಮಿನ ತಣ್ಣೀರು ಸುರಿಯುವ ಶಾರ್ಟ್‌ಕಟ್ ಮಾತ್ರ ಖಂಡಿತ ಬೇಡ. ಕುದಿಸಿದ್ದೆಲ್ಲ ಸುಮ್ನೆ ವ್ಯರ್ಥವಾಗುತ್ತದೆ.

ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಬೇಕು. ಒಳಗೆ 5 ಡಿಗ್ರಿ ಅಥವಾ ಕಡಿಮೆ ಇರಲಿ. ಹಸಿ ಕೋಳಿ ಇದ್ದರೆ ಅದು ಕೆಳಗೆ, ಅನ್ನ ಮೇಲೆ. ಮುಚ್ಚಳವಿರುವ ಸ್ಟೀಲ್ ಡಬ್ಬಿಯೇ ಒಳ್ಳೆಯದು. ಪೇಂಟ್ ಬಂದ ಬಕೆಟ್ಟನ್ನು ಎಷ್ಟು ತೊಳೆದರೂ ಅನ್ನಕ್ಕೆ ಬಳಸಬೇಡಿ. ಅಂಥ ಬಕೆಟ್ ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಬೆಳಿಗ್ಗೆ ಬೇಕಾದಷ್ಟೇ ತೆಗೆದು, ಹಬೆ ಏಳುವವರೆಗೆ, ಅಂದರೆ 75 ಡಿಗ್ರಿ ಮುಟ್ಟುವವರೆಗೆ ಬಿಸಿ ಮಾಡಿ. ಒಂದೇ ಸಲ. ಮತ್ತೆ ಉಳಿದರೆ ಎಸೆಯಿರಿ.

ನನ್ನ ಮಟ್ಟಿಗಂತೂ ರಾತ್ರಿ ಅನ್ನದ ಉಸಾಬರಿಯೇ ಬೇಡ. ಹಳೇ ಅನ್ನವೇ ಉದುರಾಗಿರುತ್ತದೆ ಎಂದು ಭಟ್ಟರು ವಾದ ಮಾಡುತ್ತಾರೆ, ಅಲ್ವಾ? ಗಂಗಾವತಿಯ ಹಳೇ ಸೋನಾ ಮಸೂರಿ ತನ್ನಿ. ನೀರು ಸ್ವಲ್ಪ ಕಡಿಮೆ ಇಟ್ಟು ಬೆಳಿಗ್ಗೆ ಐದಕ್ಕೆ ಮಾಡಿ, ತಟ್ಟೆಯಲ್ಲಿ ಹರಡಿ. ಆರು ಗಂಟೆಗೆ ಗಿರಾಕಿ ಬರುವಷ್ಟರಲ್ಲಿ ಅಗುಳು ಬಿಡಿಬಿಡಿಯಾಗಿರುತ್ತದೆ.