ಹತ್ತನೇ ಕ್ಲಾಸಿನ ಮಕ್ಕಳು ಮನೆಯಲ್ಲಿ ಎಲ್ಲಿ ಕೂತು ಓದಬೇಕು?

ಹನ್ನೆರಡು ವರ್ಷದಿಂದ ನಾನು ಮೈಸೂರಿನಲ್ಲಿ ಮನೆಮನೆಗೆ ಹೋಗಿ ಗಣಿತ ಹೇಳಿಕೊಡುತ್ತಿದ್ದೇನೆ. ಎಂಟನೇ ಕ್ಲಾಸಿನಿಂದ ಸೆಕೆಂಡ್ ಪಿಯು ತನಕ. ಹಾಗಾಗಿ ಮಕ್ಕಳು ಎಲ್ಲೆಲ್ಲಿ ಕೂತು ಓದುತ್ತಾರೆ ಅಂತ ಚೆನ್ನಾಗಿ ನೋಡಿದ್ದೇನೆ. ಮಂಚದ ಮೇಲೆ, ಊಟದ ಟೇಬಲ್ ಮೇಲೆ, ದೇವರ ಕೋಣೆ ಮುಂದಿನ ನೆಲದ ಮೇಲೆ, ಬಟ್ಟೆ ಒಣಗಿಸುವ ಬಾಲ್ಕನಿಯಲ್ಲಿ, ಒಂದು ಮನೆಯಲ್ಲಂತೂ ಮೆಟ್ಟಿಲ ಕೆಳಗಿನ ಸಂದಿಯಲ್ಲಿ. ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಮಾತ್ರ ಹೆಚ್ಚುಕಮ್ಮಿ ಒಂದೇ: "ಮೇಡಂ, ಇವನಿಗೆ ಬೇರೆ ರೂಮ್ ಮಾಡಿಕೊಡಬೇಕಾ?"

ಬೇಕಿಲ್ಲ. ರೂಮ್ ಇದ್ದರೆ ಸಂತೋಷ. ಇಲ್ಲ ಅಂತ ದೊಡ್ಡ ಮನೆ ಹುಡುಕಿಕೊಂಡು ಹೋಗಬೇಡಿ. ಬೇಕಿರುವುದು ಮೂರಡಿ ಜಾಗ, ಸರಿಯಾದ ಬೆಳಕು, ಮತ್ತು ಓದುವ ಹೊತ್ತಿನಲ್ಲಿ ಯಾರೂ ತನ್ನನ್ನು ಎಬ್ಬಿಸುವುದಿಲ್ಲ ಅನ್ನುವ ನಂಬಿಕೆ. ಮೊದಲ ಎರಡು ಒಂದು ಭಾನುವಾರದಲ್ಲಿ ಆಗುವ ಕೆಲಸ. ಮೂರನೆಯದಕ್ಕೆ ಮನೆಯವರೆಲ್ಲ ಸೇರಬೇಕು.

ಅದಕ್ಕೇ ಟೇಬಲ್ ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಒಂದು ಸಂಜೆ ಸುಮ್ನೆ ಎಣಿಸಿ. ಓದಲು ಕೂತ ಮೇಲೆ ಒಂದು ಗಂಟೆಯಲ್ಲಿ ನಿಮ್ಮ ಮಗನೋ ಮಗಳೋ ಎಷ್ಟು ಸಲ ಎದ್ದರು, ಯಾಕೆ ಎದ್ದರು ಅಂತ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಬೈಯಬೇಡಿ, ಬುದ್ಧಿ ಹೇಳಬೇಡಿ, ಬರೀ ಎಣಿಸಿ.

ನಾನು ಎಣಿಸಿದ ಒಂದು ಸಂಜೆಯ ಕಥೆ ಹೇಳುತ್ತೇನೆ. ಹತ್ತನೇ ಕ್ಲಾಸಿನ ಹುಡುಗಿ, ಊಟದ ಟೇಬಲ್, ಎದುರಿಗೇ ಅಡುಗೆಮನೆ ಬಾಗಿಲು. ಥೇಲ್ಸ್ ಪ್ರಮೇಯ ಬರೆಯುತ್ತಿದ್ದಳು. ಚಿತ್ರ ಹಾಕಿ ಮುಗಿಸುವಷ್ಟರಲ್ಲಿ ಬೆಲ್ ಆಯಿತು, ನೀರಿನ ಕ್ಯಾನ್. ಎದ್ದಳು. ಬಂದು ಕೂತು 'ದತ್ತ' ಅಂತ ಬರೆದಳು, ಅಷ್ಟರಲ್ಲಿ ಅಜ್ಜಿಯ ಮಾತ್ರೆಗೆ ನೀರು. ಮತ್ತೆ ಎದ್ದಳು. ಆಮೇಲೆ ಒಳಗಿನಿಂದ, "ಪುಟ್ಟಿ, ಕುಕ್ಕರ್ ಮೂರು ಸಲ ಕೂಗಿದ ಮೇಲೆ ಆಫ್ ಮಾಡಮ್ಮ, ನಾನು ಮೇಲೆ ಬಟ್ಟೆ ತೆಗೆದುಕೊಂಡು ಬರ್ತೀನಿ." ಕುಕ್ಕರ್ ಕೂಗು ಎಣಿಸುತ್ತಾ ಪ್ರಮೇಯ ಬರೆಯುವುದು ಹೇಗೆ ಹೇಳಿ? ಪೆನ್ನು ಹಾಳೆ ಮೇಲಿತ್ತು, ಕಿವಿ ಒಲೆ ಮೇಲಿತ್ತು. ಆ ಒಂದು ಗಂಟೆಯಲ್ಲಿ ಏಳು ಸಲ ಎದ್ದಳು. ಅವಳ ತಮ್ಮ ಒಳಗಿನ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ. ಅವನನ್ನು ಯಾರೂ ಒಂದು ಸಲವೂ ಕರೆಯಲಿಲ್ಲ.

ಇದನ್ನು ಒಂದೇ ಮನೆಯಲ್ಲಿ ನೋಡಿದ್ದಲ್ಲ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಪುಸ್ತಕ ಅಡುಗೆಮನೆ ಎದುರಿಗೇ ಇರುತ್ತದೆ, ಕರೆದರೆ ಕೈಗೆ ಸಿಗಲಿ ಅಂತ. ಯಾರೂ ಕೆಟ್ಟ ಮನಸ್ಸಿನಿಂದ ಮಾಡುವುದಲ್ಲ, ಆದರೆ ಆ ಹುಡುಗಿಯ ಸಂಜೆ ಹೋಗುವುದು ಹೋಗಿಯೇ ಹೋಗುತ್ತದೆ. ಮನೆಕೆಲಸ ಕಲಿಯಲಿ, ಅಕ್ಕ ತಮ್ಮ ಇಬ್ಬರೂ ಕಲಿಯಲಿ, ಓದುವ ಹೊತ್ತು ಮುಗಿದ ಮೇಲೆ ಮಾಡಲಿ. ಆ ಮನೆಯಲ್ಲಿ ಕೊನೆಗೆ ಮಾಡಿದ್ದು ಇಷ್ಟೇ: ಅವಳ ಕುರ್ಚಿಯನ್ನು ಟೇಬಲಿನ ಆಚೆ ಬದಿಗೆ ಹಾಕಿದರು, ಅಡುಗೆಮನೆಗೆ ಬೆನ್ನಾಯಿತು. ಏಳರಿಂದ ಎಂಟೂವರೆ ತನಕ ಬೆಲ್ಲು, ಕುಕ್ಕರ್, ಅಜ್ಜಿಯ ನೀರು ತಮ್ಮನಿಗೆ. ಅವನು ಸಂಜೆ ಐದೂವರೆಗೇ ಓದಲು ಕೂರುತ್ತಾನೆ, ಆಗ ಇವಳು ಕೆಲಸ ನೋಡಿಕೊಳ್ಳುತ್ತಾಳೆ. ಖರ್ಚು ಒಂದು ರೂಪಾಯಿಯೂ ಇಲ್ಲ.

ಚೀಟಿ ನೋಡಿದ ಮೇಲೆ ಜಾಗ ಎಲ್ಲಿ ಅಂತ ನಿಮಗೇ ಗೊತ್ತಾಗುತ್ತದೆ. ಕೆಲವು ಜಾಗಗಳನ್ನು ಮೊದಲೇ ಬಿಟ್ಟುಬಿಡಿ. ಟಿವಿ ಇರುವ ಹಾಲ್ ಬೇಡ ಅನ್ನುವುದು ಎಲ್ಲರಿಗೂ ಗೊತ್ತು, ಆದರೆ ಟಿವಿ ನೇತುಹಾಕಿದ ಗೋಡೆಯ ಹಿಂದಿನ ರೂಮೂ ಅಷ್ಟೇ ಕಷ್ಟ, ಅದನ್ನು ಯಾರೂ ಯೋಚಿಸುವುದಿಲ್ಲ. ಅಜ್ಜನಿಗೆ ಕಿವಿ ಸ್ವಲ್ಪ ಮಂದ, ವಾಲ್ಯೂಮ್ ಜಾಸ್ತಿ, ಗೋಡೆಯಾಚೆ ಕೂತ ಹುಡುಗನಿಗೆ ಸೀರಿಯಲ್ ಕಥೆಯೆಲ್ಲ ಕಾಣದೆಯೇ ಬಾಯಿಪಾಠ. ಅಜ್ಜನ ಟಿವಿ ಬಂದ್ ಮಾಡಿಸಬೇಡಿ, ಪಾಪ, ಅವರಿಗೆ ಸಂಜೆಗೆ ಅದೊಂದೇ ಇರುತ್ತದೆ. ಟೇಬಲನ್ನು ಎದುರಿನ ಗೋಡೆಗೆ ಎಳೆಯಿರಿ, ಅಥವಾ ಟಿವಿ ಹೊತ್ತಿಗೆ ಬೇರೆ ಜಾಗ ಇಟ್ಟುಕೊಳ್ಳಿ.

ಮಂಚವೂ ಬೇಡ. ಹದಿಹರೆಯದ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು, ನಮ್ಮ ಮಕ್ಕಳಲ್ಲಿ ತುಂಬಾ ಜನಕ್ಕೆ ಅಷ್ಟು ಸಿಗುತ್ತಿಲ್ಲ. ನಿದ್ದೆಗೆಟ್ಟ ಮೈ ಹಾಸಿಗೆ ಮೇಲೆ ಬಿದ್ದರೆ ಮೊದಲು ಗೋಡೆಗೆ ಒರಗುತ್ತದೆ, ಆಮೇಲೆ ಒಂದು ದಿಂಬು, ಆಮೇಲೆ ಮೊಣಕೈ ಮೇಲೆ ತಲೆ, ಎದೆಯ ಮೇಲೆ ಸಮಾಜ ವಿಜ್ಞಾನ. ಇನ್ನೊಂದು ತೊಂದರೆಯೂ ಇದೆ. ಮಲಗುವ ಜಾಗದಲ್ಲೇ ಲೆಕ್ಕ ಬಿಡಿಸಿ ತಲೆ ಬಿಸಿ ಮಾಡಿಕೊಂಡರೆ ರಾತ್ರಿ ಅಲ್ಲೇ ಮಲಗಿದಾಗ ಬೇಗ ನಿದ್ದೆ ಹತ್ತುವುದಿಲ್ಲ. ಮನೆಯಲ್ಲಿ ಒಂದೇ ರೂಮಿದ್ದು ಮಂಚ ಬಿಟ್ಟರೆ ಬೇರೆ ಜಾಗವೇ ಇಲ್ಲ ಅಂದರೆ, ಮಂಚದ ಪಕ್ಕ ನೆಲದ ಮೇಲೆ ಕೂರಿಸಿ.

ನೆಲದ ಮೇಲೆ ಕೂರುವುದು ಏನೂ ಕಡಿಮೆಯಲ್ಲ. ನಮ್ಮ ಹಿರಿಯರೆಲ್ಲ ಪಡಸಾಲೆಯಲ್ಲಿ, ಜಗಲಿಯಲ್ಲಿ ಹಾಗೇ ಓದಿದವರು. ಆದರೆ ಪುಸ್ತಕ ನೆಲದ ಮೇಲಿರಬಾರದು, ಕತ್ತು ಬಗ್ಗಿ ಬಗ್ಗಿ ಅರ್ಧ ಗಂಟೆಗೇ ನೋವು ಶುರುವಾಗುತ್ತದೆ. ಮಡಚುವ ಪುಟ್ಟ ಮೇಜು ಬರುತ್ತದಲ್ಲ, ಅದು ಸಾಕು. ಬೆನ್ನು ಗೋಡೆಗೆ ತಾಗಲಿ, ಕೆಳಗೆ ಮಡಚಿದ ಜಮಖಾನೆ ಇರಲಿ.

ಊಟದ ಟೇಬಲಿನಲ್ಲಿ ಬೇರೆ ಸಮಸ್ಯೆ. ಅದು ಸುಮಾರು 30 ಇಂಚು ಎತ್ತರ ಇರುತ್ತದೆ, ಅದಕ್ಕೆ ಪ್ಲಾಸ್ಟಿಕ್ ಕುರ್ಚಿ ಹಾಕಿದರೆ ಸಣ್ಣ ಮೈಯ ಮಕ್ಕಳಿಗೆ ಭುಜ ಕಿವಿಯ ಹತ್ತಿರ ಬರುತ್ತದೆ. ಬರೆಯುವಾಗ ಪಕ್ಕದಿಂದ ನೋಡಿ. ಭುಜ ಮೇಲೆದ್ದಿದ್ದರೆ ಕುರ್ಚಿ ಮೇಲೆ ಕಂಬಳಿ ಮಡಚಿ ಹಾಕಿ. ಈಗ ಕಾಲು ನೇತಾಡುತ್ತದೆ, ಕಾಲ ಕೆಳಗೆ ಒಂದು ಮಣೆ ಇಡಿ. ಮೊಣಕೈ ಟೇಬಲಿಗೆ ಸಮವಾಗಿ ಬಂದು ಪಾದ ಊರಿದರೆ ಆಯಿತು. ಸಾವಿರಾರು ರೂಪಾಯಿಯ ಸ್ಟಡಿ ಟೇಬಲ್ ಬೇಕಿಲ್ಲ.

ಬೆಳಕು ನೋಡುವುದು ಹೀಗೆ. ರಾತ್ರಿ ಲೈಟ್ ಹಾಕಿ, ಅವರು ಕೂರುವ ಜಾಗದಲ್ಲಿ ನೀವೇ ಕೂತು, ಬಿಳಿ ಹಾಳೆ ಮೇಲೆ ನಾಲ್ಕು ಸಾಲು ಬರೆಯಿರಿ. ತಲೆಯ ನೆರಳು ಹಾಳೆ ಮೇಲೆ ಬಿತ್ತಾ? ಟ್ಯೂಬ್‌ಲೈಟ್ ಬೆನ್ನ ಹಿಂದಿದೆ. ಕೈಯ ನೆರಳು ಬರೆಯುತ್ತಿರುವ ಅಕ್ಷರದ ಮೇಲೇ ಬಿತ್ತಾ? ಬೆಳಕು ಬರೆಯುವ ಕೈಯ ಕಡೆಯಿಂದ ಬರುತ್ತಿದೆ. ಬಲಗೈಯಲ್ಲಿ ಬರೆಯುವವರಿಗೆ ಎಡಗಡೆಯಿಂದ, ಎಡಗೈಯವರಿಗೆ ಬಲಗಡೆಯಿಂದ ಬೆಳಕು ಬೇಕು. ಟೇಬಲ್ ತಿರುಗಿಸಿದರೆ ಬಹಳಷ್ಟು ಮನೆಗಳಲ್ಲಿ ಸರಿಹೋಗುತ್ತದೆ. ಸರಿಹೋಗದಿದ್ದರೆ ಒಂದು ಟೇಬಲ್ ಲ್ಯಾಂಪ್ ತನ್ನಿ, ಆದರೆ ರೂಮಿನ ದೊಡ್ಡ ಲೈಟ್ ಆರಿಸಿ ಅದೊಂದನ್ನೇ ಉರಿಸಬೇಡಿ, ಸುತ್ತ ಕತ್ತಲಿದ್ದರೆ ಕಣ್ಣಿಗೆ ಬೇಗ ಆಯಾಸ. ಇನ್ನೊಂದು, ಫ್ಯಾನಿನ ಮೇಲ್ಗಡೆ ಲೈಟಿದ್ದರೆ ರೆಕ್ಕೆಯ ನೆರಳು ಪುಸ್ತಕದ ಮೇಲೆ ಓಡುತ್ತಲೇ ಇರುತ್ತದೆ. ನಮಗೆ ಅಭ್ಯಾಸವಾಗಿ ಗಮನಕ್ಕೇ ಬರುವುದಿಲ್ಲ, ಅಲ್ಲಿ ಕೂತು ಓದುವವರಿಗೆ ಕಣ್ಣು ನೋಯುತ್ತದೆ.

ಪೂರ್ವಕ್ಕೆ ಮುಖ ಮಾಡಿ ಕೂರಬೇಕು ಅಂತ ತುಂಬಾ ಮನೆಗಳಲ್ಲಿ ಹೇಳುತ್ತಾರೆ. ಬೆಳಕು ಸರಿ ಬಿದ್ದರೆ ಖಂಡಿತ ಹಾಗೇ ಕೂರಿಸಿ, ಹಿರಿಯರಿಗೂ ಸಮಾಧಾನ. ಪೂರ್ವಕ್ಕೆ ತಿರುಗಿದಾಗ ತಲೆಯ ನೆರಳಲ್ಲಿ ಓದಬೇಕಾಗುತ್ತದೆ ಅಂದರೆ ಮಾತ್ರ ಬೆಳಕಿನ ಮಾತು ಕೇಳಿ. ಕಿಟಕಿ ಪಕ್ಕಕ್ಕಿರಲಿ, ಎದುರಿಗೆ ಬೇಡ. ಎದುರಿಗಿದ್ದರೆ ಬೀದಿಯಲ್ಲಿ ಕ್ರಿಕೆಟ್ ಆಡುವವರ ಸ್ಕೋರೆಲ್ಲ ಇವರ ತಲೆಯಲ್ಲೇ.

ಫೋನಿನ ವಿಷಯ ಸ್ವಲ್ಪ ಕಷ್ಟ, ಯಾಕೆಂದರೆ ಈಗ ಹೋಂವರ್ಕ್ ಬರುವುದೇ ವಾಟ್ಸಾಪ್ ಗ್ರೂಪಿನಲ್ಲಿ. ಸರ್ಕಾರದ ಪಠ್ಯಪುಸ್ತಕದಲ್ಲೂ ಕ್ಯೂಆರ್ ಕೋಡ್ ಇದೆ, ಸ್ಕ್ಯಾನ್ ಮಾಡಿದರೆ ದೀಕ್ಷಾ ಅನ್ನುವ ಸರ್ಕಾರಿ ಆ್ಯಪಿನಲ್ಲಿ ಪಾಠ ತೆರೆದುಕೊಳ್ಳುತ್ತದೆ, ಒಳ್ಳೆಯದೇ. ಹಾಗಾಗಿ ಫೋನೇ ಬೇಡ ಅನ್ನಲು ಆಗುವುದಿಲ್ಲ. ನಾನು ಹೇಳುವುದು, ಫೋನಿನ ಜಾಗ ಬೇರೆ, ಬರೆಯುವ ಜಾಗ ಬೇರೆ. ಹಾಲಿನಲ್ಲಿ ಚಾರ್ಜಿಗೆ ಇಡುವ ಒಂದು ಜಾಗ ಮಾಡಿ. ಹೋಂವರ್ಕ್ ನೋಡುವುದು, ವೀಡಿಯೋ ನೋಡುವುದು ಎಲ್ಲ ಅಲ್ಲೇ ಕೂತು. ನೋಡಿದ್ದನ್ನು ಹಾಳೆಯಲ್ಲಿ ಬರೆದುಕೊಂಡು, ಫೋನ್ ಅಲ್ಲೇ ಬಿಟ್ಟು, ಹಾಳೆ ತೆಗೆದುಕೊಂಡು ಟೇಬಲಿಗೆ ಬರಲಿ. ಆ ಒಂದೂವರೆ ಗಂಟೆ ಅಪ್ಪ ಅಮ್ಮನ ಫೋನೂ ಅಲ್ಲೇ ಇರಬೇಕು. ನೀವು ಸೋಫಾದಲ್ಲಿ ರೀಲ್ಸ್ ನೋಡುತ್ತಾ ಅವರಿಗೆ ಓದು ಅಂದರೆ ಹದಿನೈದು ವರ್ಷದವರು ಕೇಳುವುದಿಲ್ಲ, ಕೇಳದಿದ್ದರೆ ತಪ್ಪೂ ಇಲ್ಲ.

ಒಂದೇ ಜಾಗದಲ್ಲಿ ಎಲ್ಲವನ್ನೂ ಓದಬೇಕಾ? ಇಲ್ಲ. 1978ರಲ್ಲಿ ಅಮೆರಿಕದ ಸ್ಮಿತ್, ಗ್ಲೆನ್‌ಬರ್ಗ್, ಬ್ಯೋರ್ಕ್ ಅನ್ನುವ ಮೂವರು ಮನಃಶಾಸ್ತ್ರಜ್ಞರು ಒಂದು ಪ್ರಯೋಗದ ಬಗ್ಗೆ ಬರೆದರು. ಒಂದೇ ಪದಗಳ ಪಟ್ಟಿಯನ್ನು ಕೆಲವರು ಎರಡು ಸಲವೂ ಒಂದೇ ಕೋಣೆಯಲ್ಲಿ ಕಲಿತರು, ಕೆಲವರು ಎರಡು ಬೇರೆ ಕೋಣೆಗಳಲ್ಲಿ. ಪರೀಕ್ಷೆ ಮೂರನೇ ಕೋಣೆಯಲ್ಲಿ. ಎರಡು ಕೋಣೆಗಳಲ್ಲಿ ಕಲಿತವರಿಗೆ ಜಾಸ್ತಿ ಪದಗಳು ನೆನಪಾದವು. ಅದೊಂದು ಸಣ್ಣ ಪ್ರಯೋಗ, ಆದರೆ ನಾನು ಮನೆಗಳಲ್ಲಿ ನೋಡಿದ್ದಕ್ಕೂ ಅದಕ್ಕೂ ಹೊಂದುತ್ತದೆ. ಲೆಕ್ಕ, ಚಿತ್ರ, ಉತ್ತರ ಬರೆಯುವುದು ಟೇಬಲಿನಲ್ಲೇ ಆಗಲಿ. ಇಸವಿ, ಪದ್ಯ, ಸೂತ್ರ ಬಾಯಿಪಾಠ ಮಾಡುವುದಿದ್ದರೆ ತಾರಸಿ ಮೇಲೆ ಓಡಾಡುತ್ತಾ ಗಟ್ಟಿಯಾಗಿ ಹೇಳಿಕೊಳ್ಳಲಿ, ಬೆಳಗ್ಗೆ ನೀರಿನ ಟ್ಯಾಂಕ್ ನೆರಳಿನಲ್ಲಿ. ಅರ್ಥ ಆಗಿದೆಯಾ ಅಂತ ನೋಡಬೇಕಾದರೆ ಅಡುಗೆಮನೆ ಕಟ್ಟೆಯ ಪಕ್ಕ ನಿಂತು ಅಮ್ಮನಿಗೆ ಪಾಠ ಹೇಳಲಿ. ಅಮ್ಮನಿಗೆ ವಿಜ್ಞಾನ ಗೊತ್ತಿರಬೇಕಿಲ್ಲ. "ಅದ್ಯಾಕೆ ಹಾಗೆ?" ಅಂತ ಕೇಳಿದರೆ ಸಾಕು, ಎಲ್ಲಿ ತಡವರಿಸುತ್ತಾರೋ ಅಲ್ಲಿ ಮತ್ತೆ ಓದಬೇಕು ಅಂತ ಅವರಿಗೇ ಗೊತ್ತಾಗುತ್ತದೆ.

ಮಾರ್ಚ್ ಹತ್ತಿರ ಬಂದಂತೆ ಸೆಕೆ. ಕಲಬುರಗಿ, ರಾಯಚೂರು ಕಡೆಯವರಿಗೆ ನಾನು ಹೇಳಬೇಕಿಲ್ಲ, ತಾರಸಿ ಮನೆಯ ಮೇಲಿನ ರೂಮು ರಾತ್ರಿ ಹತ್ತಾದರೂ ಕಾದಿರುತ್ತದೆ. ಎಷ್ಟೇ ಚೆಂದದ ಸ್ಟಡಿ ರೂಮ್ ಮಾಡಿದ್ದರೂ ಬೇಸಿಗೆಯಲ್ಲಿ ಕೆಳಗಿನ ನೆಲವೇ ಒಳ್ಳೆಯದು. ಕರೆಂಟ್ ಹೋಗುವುದಕ್ಕೆ ಒಂದು ರೀಚಾರ್ಜ್ ಲೈಟ್ ಆ ಜಾಗದಲ್ಲೇ ಇರಲಿ, ಮನೆಯವರು ಅದನ್ನು ಬೇರೆ ಕೆಲಸಕ್ಕೆ ಒಯ್ಯದಿರಲಿ. ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸುವುದರ ಬಗ್ಗೆ ಒಂದು ಮಾತು: ಈ ವಯಸ್ಸಿನಲ್ಲಿ ಮೈಯ ಗಡಿಯಾರವೇ ತಡವಾಗಿ ಓಡುತ್ತದೆ, ರಾತ್ರಿ ನಿದ್ದೆ ತಡ, ಬೆಳಗ್ಗೆ ಎಚ್ಚರವೂ ತಡ. ಹನ್ನೊಂದಕ್ಕೆ ಮಲಗಿದವರನ್ನು ನಾಲ್ಕಕ್ಕೆ ಎಬ್ಬಿಸಿ ಕೂರಿಸಿದರೆ ಯಾವ ಜಾಗದಲ್ಲಿ ಕೂರಿಸಿದರೂ ಒಂದೇ.

ಇಬ್ಬರು ಮಕ್ಕಳಿಗೆ ಒಂದೇ ಟೇಬಲ್ ಇದ್ದರೆ ಎದುರುಬದುರು ಕೂರಿಸಬೇಡಿ. ಇಬ್ಬರೂ ಗೋಡೆ ಕಡೆ ಮುಖ ಮಾಡಿ, ನಡುವೆ ಪುಸ್ತಕದ ಸಾಲು.

ಮನೆಯಲ್ಲಿ ಏನು ಮಾಡಿದರೂ ಆಗುವುದಿಲ್ಲ ಅನ್ನುವವರೂ ಇದ್ದಾರೆ. ಒಂದೇ ಕೋಣೆ, ಆರು ಜನ, ಅಥವಾ ಮನೆಯಲ್ಲಿ ದಿನಾ ಜಗಳ. ಆ ಮಕ್ಕಳಿಗೆ ಮನೆಯ ಹೊರಗೆ ಜಾಗ ಹುಡುಕಿಕೊಡುವುದು ನಮ್ಮ ನಿಮ್ಮೆಲ್ಲರ ಕೆಲಸ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ' ಆಗಿವೆ, ಹೋಗಿ ಸಮಯ ವಿಚಾರಿಸಿ. ಊರುಗಳಲ್ಲಿ ಸಾರ್ವಜನಿಕ ಗ್ರಂಥಾಲಯ ಇದೆ, ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯವೂ ಇದೆ. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಅಲ್ಲೇ ಕೂರಲು ಬಿಡುತ್ತೀರಾ ಅಂತ ಹೆಡ್‌ಮಾಸ್ಟರನ್ನು ಕೇಳಿ. ಪಕ್ಕದ ಮನೆಯಲ್ಲಿ ಅಂಥ ಮಗು ಇದ್ದರೆ, ನಿಮ್ಮ ಟೇಬಲಿನ ಇನ್ನೊಂದು ಬದಿಗೆ ಕರೆದು ಕೂರಿಸಿಕೊಳ್ಳಿ.

ಡಿಸೆಂಬರ್ ಮುಗಿದ ಮೇಲೆ ವಾರಕ್ಕೊಂದು ದಿನ ಓದುವ ಜಾಗವನ್ನು ಪರೀಕ್ಷೆ ಹಾಲ್ ಥರ ಮಾಡಿ. ಟೇಬಲ್ ಪೂರ್ತಿ ಖಾಲಿ. ಬೆನ್ನಿಗೆ ದಿಂಬಿಲ್ಲ, ಹಾಡಿಲ್ಲ, ತಿಂಡಿಯಿಲ್ಲ. ಪರೀಕ್ಷಾ ಮಂಡಳಿಯ ವೆಬ್‌ಸೈಟಿನಲ್ಲಿ ಮಾದರಿ ಪ್ರಶ್ನೆಪತ್ರಿಕೆ ಸಿಗುತ್ತದೆ, ಅದನ್ನು ಬೆಳಗ್ಗೆ ಹತ್ತಕ್ಕೆ ಕೊಡಿ. ಪ್ರಥಮ ಭಾಷೆಗೆ ಪ್ರಶ್ನೆ ಓದಲು 15 ನಿಮಿಷ, ಬರೆಯಲು 3 ಗಂಟೆ. ಎಷ್ಟೋ ಮಕ್ಕಳಿಗೆ ಉತ್ತರ ಗೊತ್ತಿರುತ್ತದೆ, ಎರಡು ಗಂಟೆಯಾದ ಮೇಲೆ ಕೂರಲು ಆಗುವುದಿಲ್ಲ, ಅಕ್ಷರ ಕೆಡುತ್ತದೆ, ಕೊನೆಯ ಪ್ರಶ್ನೆ ಬಿಟ್ಟುಹೋಗುತ್ತದೆ. ಮೈಗೂ ಅಭ್ಯಾಸ ಆಗಬೇಕು.

ಇದನ್ನೆಲ್ಲ ಜೂನ್‌ನಲ್ಲೋ ದಸರಾ ರಜೆಯಲ್ಲೋ ಮಾಡಿ ಮುಗಿಸಿ. ಫೆಬ್ರವರಿಯಲ್ಲಿ ಹೊಸ ಟೇಬಲ್ ತಂದು ಮನೆ ಅಲ್ಲೋಲಕಲ್ಲೋಲ ಮಾಡಿದರೆ ಮಕ್ಕಳಿಗೆ ಇನ್ನೂ ಗಾಬರಿ. ಮತ್ತೆ, ಟೇಬಲ್ ಎಳೆಯುವ ದಿನ ಅವರನ್ನೂ ಕರೆಯಿರಿ, ಒಂದು ಕಡೆ ಅವರು ಹಿಡಿಯಲಿ. ನಿಮಗೆ ಸರಿ ಕಂಡ ಮೂಲೆ ಬಿಟ್ಟು ಅವರು ಬೇರೆ ಮೂಲೆ ತೋರಿಸಿದರೆ ಒಂದು ವಾರ ಅಲ್ಲೇ ಇಟ್ಟು ನೋಡಿ. ವಾರವಾದ ಮೇಲೆ ಮತ್ತೆ ಚೀಟಿ ಹಿಡಿದು ಎಣಿಸಿ, ಈ ಸಲ ಎಣಿಸುವುದು ಅವರೇ ಆಗಲಿ.