ಪಿಎಂಪಿ ಮಾಡಬೇಕಾ? ಫೀಸ್ ಕಟ್ಟುವ ಮುಂಚೆ ಇಷ್ಟು ನೋಡಿ

ತಿಂಗಳಿಗೆ ಒಬ್ಬರಾದರೂ ಕೇಳುತ್ತಾರೆ, "ಸಾರ್, ಪಿಎಂಪಿ ಮಾಡಿದರೆ ಸಂಬಳ ಜಾಸ್ತಿ ಆಗುತ್ತಾ?" ಅಂತ. ಪಿಎಂಪಿ ಅಂದರೆ ಪ್ರಾಜೆಕ್ಟ್ ಮ್ಯಾನೇಜರ್‌ಗಳಿಗೆ ಪಿಎಂಐ ಅನ್ನುವ ಸಂಸ್ಥೆ ಪರೀಕ್ಷೆ ಮಾಡಿ ಕೊಡುವ ಸರ್ಟಿಫಿಕೇಟ್. ನಾನು ತಿರುಗಿ ಕೇಳುವುದು ಒಂದೇ: ಆ ಸರ್ಟಿಫಿಕೇಟ್ ಇದೆಯಾ ಅಂತ ನಿಮ್ಮನ್ನು ಯಾರಾದರೂ ಕೇಳಿದ್ದಾರಾ? ಇಲ್ಲ ಅಂದರೆ ಸ್ವಲ್ಪ ತಡೀರಿ.

ಇವತ್ತು ರಾತ್ರಿ ಕೂತು ಒಂದು ಕೆಲಸ ಮಾಡಿ. ಮುಂದೆ ನಿಮಗೆ ಯಾವ ಕೆಲಸ ಬೇಕೋ ಅದರ ಇಪ್ಪತ್ತು ಜಾಹೀರಾತು ತೆಗೆದು, ಎಷ್ಟರಲ್ಲಿ ಪಿಎಂಪಿ ಇರಲೇಬೇಕು ಅಂದಿದ್ದಾರೆ, ಎಷ್ಟರಲ್ಲಿ ಇದ್ದರೆ ಒಳ್ಳೆಯದು ಅಂದಿದ್ದಾರೆ, ಎಷ್ಟರಲ್ಲಿ ಅದರ ಹೆಸರೇ ಇಲ್ಲ ಅಂತ ಒಂದು ಹಾಳೆಯಲ್ಲಿ ಗೀಟು ಹಾಕುತ್ತಾ ಹೋಗಿ. ಬೆಂಗಳೂರಿನ ಐಟಿ ಸರ್ವೀಸ್ ಕಂಪನಿಗಳಲ್ಲಿ ಇದಕ್ಕೆ ಬೆಲೆ ಇದೆ, ಯಾಕಂದ್ರೆ ಎಷ್ಟೋ ಟೆಂಡರ್‌ಗಳಲ್ಲಿ ಗ್ರಾಹಕರೇ ಸರ್ಟಿಫಿಕೇಟ್ ಇರುವ ಮ್ಯಾನೇಜರ್ ಬೇಕು ಅಂತ ಬರೆದಿರುತ್ತಾರೆ. ಗಲ್ಫ್ ಕಡೆ ಕಟ್ಟಡದ ಕೆಲಸಕ್ಕೆ ಹೋಗುವ ಎಂಜಿನಿಯರ್‌ಗಳಿಗೂ ಉಪಯೋಗಕ್ಕೆ ಬರುತ್ತೆ. ಸಣ್ಣ ಸ್ಟಾರ್ಟಪ್‌ನಲ್ಲಿ ಮಾತ್ರ ಯಾರೂ ಕ್ಯಾರೇ ಅನ್ನುವುದಿಲ್ಲ.

ಆಮೇಲೆ ಅರ್ಹತೆ. ಡಿಗ್ರಿ ಆಗಿದ್ದರೆ 36 ತಿಂಗಳು, ಡಿಪ್ಲೊಮಾ ಅಥವಾ ಪಿಯುಸಿ ಆಗಿದ್ದರೆ 60 ತಿಂಗಳು ಪ್ರಾಜೆಕ್ಟ್ ನಡೆಸಿದ ಅನುಭವ ಬೇಕು. ನಡೆಸಿದ್ದು, ಸುಮ್ನೆ ತಂಡದಲ್ಲಿ ಇದ್ದದ್ದಲ್ಲ. ಜೊತೆಗೆ 35 ಗಂಟೆಯ ತರಬೇತಿ. ಈ 35 ಗಂಟೆಗೆ ಹತ್ತಾರು ಸಾವಿರ ಸುರಿಯಬೇಕಾಗಿಲ್ಲ, ರೆಕಾರ್ಡ್ ಮಾಡಿದ ಆನ್‌ಲೈನ್ ಕೋರ್ಸ್‌ಗಳಲ್ಲೂ ಕೊನೆಗೆ ಪರೀಕ್ಷೆ ಇದ್ದರೆ ನಡೆಯುತ್ತೆ. ಎದುರಿಗೆ ಮೇಷ್ಟ್ರು ಇಲ್ಲದಿದ್ದರೆ ಪುಸ್ತಕ ಮುಟ್ಟುವುದೇ ಇಲ್ಲ ಅನ್ನುವವರು ಮಾತ್ರ ವೀಕೆಂಡ್ ಕ್ಲಾಸ್‌ಗೆ ದುಡ್ಡು ಕೊಡಿ. "ಪರೀಕ್ಷೆ ಬರೆಯದೇ ಪಾಸ್ ಮಾಡಿಸುತ್ತೇವೆ" ಅಂತ ವಾಟ್ಸಾಪ್‌ಗೆ ಬರುವವರನ್ನು ಬ್ಲಾಕ್ ಮಾಡಿ, ಅಷ್ಟೇ.

ಅರ್ಜಿ ಕಳಿಸುವ ಮುಂಚೆ ನಿಮ್ಮ ಹಳೇ ಮ್ಯಾನೇಜರ್‌ಗಳಿಗೆ ಒಂದು ಫೋನ್ ಮಾಡಿ. ಕೆಲವು ಅರ್ಜಿಗಳನ್ನು ಆಡಿಟ್‌ಗೆ ಎತ್ತಿಕೊಳ್ಳುತ್ತಾರೆ, ಆಗ ನೀವು ಬರೆದ ಅನುಭವ ನಿಜ ಅಂತ ಅವರೇ ಹೇಳಬೇಕು. ನನ್ನದನ್ನು ಎತ್ತಿಕೊಂಡರು. ಮ್ಯಾನೇಜರ್ ಕಂಪನಿಯನ್ನೂ ದೇಶವನ್ನೂ ಬಿಟ್ಟು ಹೋಗಿದ್ದರು, ನಂಬರ್ ಬದಲಾಗಿತ್ತು. ಅವರನ್ನು ಹುಡುಕಿ ಸಹಿ ಹಾಕಿಸುವಷ್ಟರಲ್ಲಿ ಮೂರು ವಾರ ಹೋಯಿತು.

ಓದಿದ್ದರಿಂದ ಏನಾದರೂ ಸಿಕ್ಕಿತಾ? ಸಿಕ್ಕಿತು, ಆದರೆ ನಾನು ಅಂದುಕೊಂಡದ್ದಲ್ಲ. ಪರೀಕ್ಷೆಯಲ್ಲಿ ಬರುವ 180 ಪ್ರಶ್ನೆಗಳಲ್ಲಿ ಹೆಚ್ಚಿನವು "ಇಂಥ ಪರಿಸ್ಥಿತಿ ಬಂದಿದೆ, ಮೊದಲು ಏನು ಮಾಡುತ್ತೀರಿ?" ಅನ್ನುವಂಥವು. ಉದಾಹರಣೆಗೆ, ಗ್ರಾಹಕ ಫೋನ್ ಮಾಡಿ "ರಿಪೋರ್ಟ್‌ಗೆ ಒಂದು ಕಾಲಂ ಸೇರಿಸಿಬಿಡಿ, ಹತ್ತು ನಿಮಿಷದ ಕೆಲಸ" ಅನ್ನುತ್ತಾನೆ. ನಮ್ಮ ಬಾಯಿಗೆ ತಕ್ಷಣ ಬರುವುದು "ಆಯ್ತು ಸಾರ್". ಪರೀಕ್ಷೆಗೆ ಬೇಕಾದ ಉತ್ತರ ಬೇರೆ: ಒಪ್ಪಲೂ ಬೇಡಿ, ಆಗಲ್ಲ ಅನ್ನಲೂ ಬೇಡಿ, ಇದರಿಂದ ಸಮಯಕ್ಕೆ, ಖರ್ಚಿಗೆ ಏನು ಆಗುತ್ತೆ ಅಂತ ಮೊದಲು ನೋಡಿ. ಓದುತ್ತಿದ್ದ ದಿನಗಳಲ್ಲೇ ನನಗೆ ನಿಜವಾಗಿಯೂ ಅಂಥದೇ ಫೋನ್ ಬಂತು. "ಸಂಜೆ ಹೇಳ್ತೀನಿ" ಅಂದೆ. ತಂಡದವರ ಜೊತೆ ಕೂತು ನೋಡಿದರೆ ಆ ಒಂದು ಕಾಲಂ ಇನ್ನೂ ಮೂರು ಸ್ಕ್ರೀನ್‌ಗಳನ್ನು ಎಳೆದುಕೊಂಡು ಬಂತು, ಒಟ್ಟು ನಾಲ್ಕು ದಿನದ ಕೆಲಸ! ಗ್ರಾಹಕರೇ "ಹಾಗಾದರೆ ಮುಂದಿನ ರಿಲೀಸ್‌ಗೆ ಇರಲಿ" ಅಂದರು. ಹಿಂದೆ ಆಗಿದ್ದರೆ ಆ ನಾಲ್ಕು ರಾತ್ರಿ ನಮ್ಮ ಹುಡುಗರು ನಿದ್ದೆಗೆಡುತ್ತಿದ್ದರು.

ಈಗ ಇಂಟರ್‌ವ್ಯೂ ಮಾಡುವ ಕಡೆ ಕೂತಿದ್ದೇನೆ, ಅದಕ್ಕೇ ಹೇಳುತ್ತೇನೆ: ಆ ಮೂರು ಅಕ್ಷರ ನಿಮ್ಮ ರೆಸ್ಯೂಮೆಯನ್ನು ನನ್ನ ಟೇಬಲ್ ತನಕ ತರುತ್ತೆ, ಅಷ್ಟೇ. ಅಲ್ಲಿಂದ ಮುಂದೆ ನಾನು ಕೇಳುವುದು, ಯಾವ ಪ್ರಾಜೆಕ್ಟ್ ತಡವಾಯಿತು, ಅದನ್ನು ಗ್ರಾಹಕರಿಗೆ ಹೇಗೆ ಹೇಳಿದಿರಿ ಅಂತ. ಅದಕ್ಕೆ ಪುಸ್ತಕದ ಪ್ಯಾರಾ ಒಪ್ಪಿಸುವವರೂ ಇದ್ದಾರೆ.

ಈಗಷ್ಟೇ ಕಾಲೇಜು ಮುಗಿಸಿದವರಿಗೆ ಸಿಎಪಿಎಂ ಅಂತ ಅದೇ ಸಂಸ್ಥೆಯ ಮೊದಲ ಹಂತದ ಸರ್ಟಿಫಿಕೇಟ್ ಇದೆ, ಅನುಭವ ಕೇಳುವುದಿಲ್ಲ, 23 ಗಂಟೆ ತರಬೇತಿ ಸಾಕು. ನನ್ನ ಕೇಳಿದರೆ ಬೇಡ, ಎರಡು ವರ್ಷ ಕೆಲಸ ಮಾಡಿ ನೋಡಿ. ನಿಮ್ಮ ತಂಡ ಸ್ಕ್ರಮ್‌ನಲ್ಲಿ, ಅಂದರೆ ಕೆಲಸವನ್ನು ಕೆಲವು ವಾರಗಳ ಸಣ್ಣ ಸಣ್ಣ ಕಂತುಗಳಲ್ಲಿ ಮುಗಿಸುವ ಪದ್ಧತಿಯಲ್ಲಿ ನಡೆಯುತ್ತಿದ್ದರೆ, ಅದರದೇ ಸರ್ಟಿಫಿಕೇಟ್ ಆದ ಪಿಎಸ್‌ಎಂ ಒಂದರಿಂದ ಶುರು ಮಾಡಬಹುದು: 60 ನಿಮಿಷ, 80 ಪ್ರಶ್ನೆ, ಪಾಸಾಗಲು ಶೇ. 85. ಕ್ಲಾಸ್ ಕಡ್ಡಾಯವಲ್ಲ, ರಿನ್ಯೂ ಮಾಡುವ ತಲೆನೋವೂ ಇಲ್ಲ. ಪಿಎಂಪಿಗೆ ಅದು ಇದೆ. 3 ವರ್ಷಕ್ಕೊಮ್ಮೆ 60 ಪಿಡಿಯು, ಅಂದರೆ ಹೊಸದು ಕಲಿತ ಗಂಟೆಗಳ ಲೆಕ್ಕ ತೋರಿಸಿ ಮತ್ತೆ ಫೀಸ್ ಕಟ್ಟಬೇಕು.

ಫೀಸ್ ಕಂಪನಿ ಕೊಡುತ್ತಾ ಅಂತ ಎಚ್‌ಆರ್‌ಗೆ ಮೊದಲೇ ಮೇಲ್ ಹಾಕಿ. ಕೊಟ್ಟರೆ ಎಷ್ಟು ದಿನ ಕೆಲಸ ಬಿಡುವಂತಿಲ್ಲ ಅನ್ನುವುದನ್ನೂ ಕೇಳಿಕೊಳ್ಳಿ. ಪರೀಕ್ಷೆಯನ್ನು ಮನೆಯಿಂದಲೂ ಬರೆಯಬಹುದು, ಆದರೆ ಹತ್ತಿರ ಹತ್ತಿರ ನಾಲ್ಕು ಗಂಟೆ ಕ್ಯಾಮೆರಾ ಮುಂದೆ ಕೂರಬೇಕು, ರೂಮಿಗೆ ಯಾರೂ ಬರುವಂತಿಲ್ಲ. ಮಧ್ಯದಲ್ಲಿ ಕರೆಂಟ್ ಹೋಗಬಾರದು, ಅಮ್ಮ ಕಾಫಿ ಹಿಡಿದು ಬರಬಾರದು. ಸೆಂಟರ್‌ಗೇ ಹೋಗಿ.